ಗಣಕದ ತಿರುಳಿನಲ್ಲಿ ಸರದಿ ಮತ್ತು ಮಿಡಿತ: ಬೆಂಗಳೂರಿನ ಕೆಲವು ಕೊಡುಗೆಗಳನ್ನು ಕುರಿತು

ಗಣಕದ ಕಾರ್ಯನಿರ್ವಹಣ ವ್ಯವಸ್ಥೆಯ ಒಳಗಣ ಭಾಗವನ್ನು ಇಂಗ್ಲಿಷಿನಲ್ಲಿ ‘ಕರ್ನಲ್’ ಎಂದು ಕರೆಯುತ್ತಾರೆ. ಬೀಜದ ಅಥವಾ ಕಾಯಿಯ ಒಳಗಿನ ತಿರುಳು ಎಂಬುದು ಆ ಪದದ ಮೂಲಾರ್ಥ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಗುರುತಿಸಿದ ಕವಿರಾಜಮಾರ್ಗವನ್ನು ಬಲ್ಲವರಿಗೆ ಈ ರೂಪಕ ಹೊಸದೇನಲ್ಲ. ಗಣಕದ ತಿರುಳು ಕೂಡ ಒಂದು ಬಗೆಯ ನಡುನಾಡು. ಅದರ ಒಂದು ಬದಿಗೆ ಯಂತ್ರಭಾಗಗಳಿವೆ; ಇನ್ನೊಂದು ಬದಿಗೆ ಬಳಕೆದಾರನ ಕಣ್ಣಿಗೆ ಕಾಣುವ ನುಡಿ, ಬರಹ, ಬ್ರೌಸರ್ ಮೊದಲಾದ ತಂತ್ರಾಂಶಗಳಿವೆ. ಇವೆರಡರ ನಡುವೆ ನಿಂತು ಯಾರಿಗೆ ಏನು, ಎಷ್ಟು, ಯಾವಾಗ ಸಲ್ಲಬೇಕೆಂದು ತೀರ್ಮಾನಿಸುವುದು ತಿರುಳಿನ ಹೊಣೆ.

ಈ ತೀರ್ಮಾನಗಳಲ್ಲಿ ಎರಡು ಮುಖ್ಯವಾದವು. ಈ ಕ್ಷಣ ಸಂಸ್ಕಾರಕದ ಮೇಲೆ ಓಡಬೇಕಾದ ಕೆಲಸ ಯಾವುದು ಎಂಬುದು ಮೊದಲನೆಯದು. ಸಂಸ್ಕಾರಕ ಎಷ್ಟು ವೇಗದಲ್ಲಿ ಓಡಬೇಕು ಎಂಬುದು ಎರಡನೆಯದು. ಮೊದಲನೆಯದು ನ್ಯಾಯದ ಪ್ರಶ್ನೆ, ಎರಡನೆಯದು ವಿದ್ಯುತ್ತಿನ ಮಿತವ್ಯಯದ ಪ್ರಶ್ನೆ. ಬಹುಕಾಲ ಇವೆರಡಕ್ಕೂ ತಿರುಳಿನ ಎರಡು ಬೇರೆ ಬೇರೆ ಭಾಗಗಳು, ಒಂದರ ಮಾತು ಇನ್ನೊಂದಕ್ಕೆ ಕೇಳಿಸದಂತೆ, ಉತ್ತರ ಹೇಳುತ್ತಿದ್ದವು. ಅವು ಹೇಗೆ ಒಂದಾದವು, ಆ ದಾರಿಯಲ್ಲಿ ಬೆಂಗಳೂರಿನ ತಂತ್ರಜ್ಞರ ಪಾಲೇನು ಎಂಬುದನ್ನು ಲಿನಕ್ಸ್ ತಿರುಳನ್ನು ಆಧಾರವಾಗಿಟ್ಟುಕೊಂಡು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಲಿನಕ್ಸನ್ನೇ ಆರಿಸಿಕೊಳ್ಳಲು ಕಾರಣವಿದೆ. ಅದರ ಮೂಲಪಾಠ ಯಾರು ಬೇಕಾದರೂ ಓದಬಹುದಾದದ್ದು. ಯಾವ ಸಾಲನ್ನು ಯಾರು ಎಂದು ಸೇರಿಸಿದರು ಎಂಬುದಕ್ಕೆ ದಾಖಲೆ ಇರುವಂಥದ್ದು. ಗ್ರಂಥಸಂಪಾದನೆಯ ಅಭ್ಯಾಸವಿರುವ ಓದುಗರಿಗೆ ಇಂತಹ ಪಾಠ ಅಪರಿಚಿತವೆನಿಸಲಾರದು.

ಪರಿಭಾಷೆಯ ಬಗ್ಗೆ ಒಂದು ಮಾತು. ಭೌತವಿಜ್ಞಾನದ ಶಾಲಾ ಪಠ್ಯಗಳಲ್ಲಿ ‘ಫ್ರೀಕ್ವೆನ್ಸಿ’ಗೆ ‘ಆವೃತ್ತಿ’ ಎಂಬ ಪದ ಬಳಕೆಯಲ್ಲಿದೆ. ಆದರೆ ಪುಸ್ತಕಲೋಕದಲ್ಲಿ ಆವೃತ್ತಿಯೆಂದರೆ ಮುದ್ರಣದ ಪರಿಷ್ಕೃತ ರೂಪ; ತಂತ್ರಾಂಶಗಳಿಗೂ ಆ ಅರ್ಥದ ಆವೃತ್ತಿಗಳಿವೆ. ಒಂದೇ ವಾಕ್ಯದಲ್ಲಿ ಎರಡೂ ಬಂದರೆ ಗೊಂದಲ ತಪ್ಪದು. ಆದುದರಿಂದ ಇಲ್ಲಿ ಸಂಸ್ಕಾರಕದ ಫ್ರೀಕ್ವೆನ್ಸಿಯನ್ನು ‘ಮಿಡಿತ’ ಎಂದೂ, ಕೆಲಸಗಳ ಸರದಿಯನ್ನು ಗೊತ್ತುಪಡಿಸುವ ‘ಷೆಡ್ಯೂಲರ್’ ಎಂಬ ಭಾಗವನ್ನು ‘ಸರದಿಕಾರ’ ಎಂದೂ ಕರೆಯಲಾಗಿದೆ. ಇವು ಅಂತಿಮವೆಂಬ ಹಟವಿಲ್ಲ.

ಪಂಕ್ತಿಯ ನ್ಯಾಯ

ಒಂದೇ ಸಂಸ್ಕಾರಕವಿರುವ ಯಂತ್ರ ಒಂದು ಕ್ಷಣದಲ್ಲಿ ಒಂದೇ ಕೆಲಸ ಮಾಡಬಲ್ಲದು. ಜಯನಗರದ ಮನೆಯೊಂದರಲ್ಲಿ ಅಧ್ಯಾಪಕರೊಬ್ಬರು ನುಡಿಯಲ್ಲಿ ಪ್ರಬಂಧ ಬೆರಳಚ್ಚಿಸುತ್ತ, ಹಿನ್ನೆಲೆಯಲ್ಲಿ ಸಂಗೀತ ಕೇಳುತ್ತ, ಇನ್ನೊಂದೆಡೆ ಕಡತವನ್ನು ಮುದ್ರಣಕ್ಕೆ ಕಳುಹಿಸಿದ್ದಾರೆಂದು ಭಾವಿಸೋಣ. ಮೂರೂ ಏಕಕಾಲದಲ್ಲಿ ನಡೆಯುತ್ತಿರುವಂತೆ ಅವರಿಗೆ ತೋರುತ್ತದೆ. ವಾಸ್ತವವಾಗಿ ಸರದಿಕಾರನು ಒಂದೊಂದು ಕೆಲಸಕ್ಕೂ ಕೆಲವೇ ಮಿಲಿಸೆಕೆಂಡುಗಳ ಪಾಲು ಕೊಟ್ಟು, ಹಿಂದಕ್ಕೆ ಪಡೆದು, ಮುಂದಿನದಕ್ಕೆ ಕೊಡುತ್ತಿರುತ್ತಾನೆ. ವೇಗವಾಗಿ ಬೆರಳಚ್ಚಿಸುವವರು ಸೆಕೆಂಡಿಗೆ ಐದು ಕೀಲಿ ಒತ್ತುತ್ತಾರೆಂದರೂ ಎರಡು ಕೀಲಿಗಳ ನಡುವೆ 200 ಮಿಲಿಸೆಕೆಂಡು ಸಿಗುತ್ತದೆ. ಸೆಕೆಂಡಿಗೆ 100 ಕೋಟಿ ಸಲ ಮಿಡಿಯುವ ಸಂಸ್ಕಾರಕಕ್ಕೆ ಆ ಬಿಡುವಿನಲ್ಲಿ 20 ಕೋಟಿ ಮಿಡಿತಗಳು ದೊರೆಯುತ್ತವೆ. ಮನುಷ್ಯನಿಗೆ ಎವೆಯಿಕ್ಕುವಷ್ಟು ಹೊತ್ತು ಯಂತ್ರಕ್ಕೆ ದೀರ್ಘವಾದ ವಿರಾಮ.

ಈ ಹಂಚಿಕೆಗೆ ನಮ್ಮಲ್ಲಿ ಹತ್ತಿರದ ಹೋಲಿಕೆಯೆಂದರೆ ಪಂಕ್ತಿಭೋಜನ. ಬಡಿಸುವವನು ಒಬ್ಬನೇ, ಎಲೆಗಳು ಹಲವು. ಮೊದಲ ಎಲೆಯವನಿಗೆ ತೃಪ್ತಿಯಾಗುವವರೆಗೂ ಬಡಿಸಿ ಆಮೇಲೆ ಎರಡನೆಯ ಎಲೆಗೆ ಹೋಗುತ್ತೇನೆಂದರೆ ಕೊನೆಯವರು ಕೈಕಟ್ಟಿ ಕೂರಬೇಕಾಗುತ್ತದೆ. ಆದುದರಿಂದ ಆತ ಒಂದೊಂದು ಸೌಟು ಹುಳಿ ಬಡಿಸುತ್ತ ಸಾಲು ಮುಗಿಸಿ ಮತ್ತೆ ಮೊದಲಿನಿಂದ ಬರುತ್ತಾನೆ. ಆದರೆ ಎಲ್ಲರೂ ಒಂದೇ ಬಗೆಯ ಉಣ್ಣುವವರಲ್ಲ. ಕೆಲವರು ಒಂದು ತುತ್ತು ಉಂಡು ಮಾತಿಗೆ ತೊಡಗುತ್ತಾರೆ, ಬೇಕಾದಾಗ ಥಟ್ಟನೆ ಕೈಯೆತ್ತುತ್ತಾರೆ. ಗಣಕದಲ್ಲಿ ಬೆರಳಚ್ಚು ಇಂತಹ ಕೆಲಸ. ಕೆಲವರು ಬಡಿಸಿದಷ್ಟನ್ನೂ ಉಣ್ಣುತ್ತಲೇ ಇರುತ್ತಾರೆ. ದೊಡ್ಡ ಲೆಕ್ಕಾಚಾರ, ಚಲನಚಿತ್ರದ ರೂಪಾಂತರ ಇವು ಆ ಬಗೆಯವು. ಮೊದಲ ಬಗೆಯವರು ಕೈಯೆತ್ತಿದ ಕೂಡಲೇ ಬಡಿಸದಿದ್ದರೆ ಯಂತ್ರ ‘ನಿಧಾನ’ ಎಂಬ ದೂರು ಹುಟ್ಟುತ್ತದೆ.

ಲಿನಕ್ಸಿನ ಹಳೆಯ ಸರದಿಕಾರ ಪ್ರತಿ ಸಲವೂ ಕಾದಿರುವ ಕೆಲಸಗಳ ಪೂರ್ತಿ ಪಟ್ಟಿಯನ್ನು ನೋಡಿ ಆರಿಸುತ್ತಿದ್ದ. ಕೆಲಸಗಳು ಹೆಚ್ಚಿದಂತೆ ಆರಿಸುವುದೇ ಒಂದು ಕೆಲಸವಾಗುತ್ತಿತ್ತು. 2002ರ ಜನವರಿಯಲ್ಲಿ ಹಂಗೇರಿಯ ಇಂಗೊ ಮೊಲ್ನಾರ್, ಪಟ್ಟಿ ಎಷ್ಟೇ ಉದ್ದವಿದ್ದರೂ ಆಯ್ಕೆಗೆ ಅಷ್ಟೇ ಹೊತ್ತು ಹಿಡಿಯುವ ಹೊಸ ವಿಧಾನವನ್ನು ತಂದರು. ಅದು 2003ರ ಡಿಸೆಂಬರಿನಲ್ಲಿ ಬಂದ 2.6ನೇ ಆವೃತ್ತಿಯ ಮೂಲಕ ವ್ಯಾಪಕ ಬಳಕೆಗೆ ಬಂತು. ಆದರೆ ಯಾವ ಕೆಲಸ ಮಾತುಗಾರನದು, ಯಾವುದು ಉಣ್ಣುವವನದು ಎಂಬುದನ್ನು ಅದು ಊಹೆಯಿಂದ ಪತ್ತೆಮಾಡುತ್ತಿತ್ತು. ಊಹೆ ತಪ್ಪಿದಾಗ ಸಂಗೀತ ತಡವರಿಸುತ್ತಿತ್ತು. ಊಹೆಯ ಗೊಡವೆಯೇ ಬೇಡ, ಸಮಪಾಲಿನ ನಿಯಮವೊಂದೇ ಸಾಕು ಎಂಬ ವಾದವನ್ನು ಗಟ್ಟಿಯಾಗಿ ಮುಂದಿಟ್ಟವರು ವೃತ್ತಿಯಿಂದ ಅರಿವಳಿಕೆ ವೈದ್ಯರಾದ ಆಸ್ಟ್ರೇಲಿಯದ ಕಾನ್ ಕೊಲಿವಾಸ್. ಅವರ ಸರದಿಕಾರ ಮುಖ್ಯ ತಿರುಳಿಗೆ ಸೇರಲಿಲ್ಲ. ಅವರ ವಾದ ಸೇರಿತು. 2007ರಲ್ಲಿ ಮೊಲ್ನಾರ್ ಅವರೇ ಅದೇ ತತ್ತ್ವದ ಮೇಲೆ ‘ಸಿಎಫ್‌ಎಸ್’, ಅಂದರೆ ‘ಪೂರ್ಣ ನ್ಯಾಯದ ಸರದಿಕಾರ’ನನ್ನು ಬರೆದರು. ಆ ವರ್ಷದ ಅಕ್ಟೋಬರಿನಲ್ಲಿ 2.6.23ನೇ ಆವೃತ್ತಿಯೊಡನೆ ಅದು ಹೊರಬಂತು. ಮೂಲ ವಿಚಾರ ಒಬ್ಬರದು, ಸ್ವೀಕೃತವಾದ ಪಾಠ ಇನ್ನೊಬ್ಬರದು ಎಂಬ ಈ ಪ್ರಸಂಗ ಸಾಹಿತ್ಯಚರಿತ್ರೆಯಲ್ಲಿ ಪದೇ ಪದೇ ಕಾಣುವಂಥದ್ದೇ. ಕೊಲಿವಾಸ್ ಅವರ ಹೆಸರನ್ನು ಮೊಲ್ನಾರ್ ಕಡತದ ತಲೆಬರಹದಲ್ಲಿ ನಮೂದಿಸಿದರೆಂಬುದನ್ನೂ ಹೇಳಬೇಕು.

ಸಿಎಫ್‌ಎಸ್‌ನ ನಿಯಮ ಸರಳ. ಪ್ರತಿಯೊಂದು ಕೆಲಸದ ಹೆಸರಿನಲ್ಲಿ ಒಂದು ಲೆಕ್ಕವಿರುತ್ತದೆ. ಅದು ಈವರೆಗೆ ಉಂಡ ಕಾಲದ ಲೆಕ್ಕ. ಯಾರು ಎಲ್ಲರಿಗಿಂತ ಕಡಿಮೆ ಉಂಡಿದ್ದಾರೋ ಮುಂದಿನ ಸರದಿ ಅವರದು. ಮಾತುಗಾರನು ಕಡಿಮೆ ಉಂಡಿರುವುದರಿಂದ ಕೈಯೆತ್ತಿದ ಕೂಡಲೇ ತಾನಾಗಿ ಮುಂದೆ ಬರುತ್ತಾನೆ. ಅವನನ್ನು ಗುರುತಿಸಲು ಬೇರೆ ಊಹೆ ಬೇಕಿಲ್ಲ. ಈ ಲೆಕ್ಕಗಳನ್ನು ಕಡಿಮೆಯಿಂದ ಹೆಚ್ಚಿಗೆ ಎಂಬ ಕ್ರಮದಲ್ಲಿ ಒಂದು ಕವಲುಮರದ ರೂಪದಲ್ಲಿ ಇಡಲಾಗುತ್ತದೆ. ಮರದ ಎಡತುದಿಯಲ್ಲಿ ಇರುವವನೇ ಮುಂದಿನವನು.

ಪಂಕ್ತಿಯ ಹೋಲಿಕೆಯನ್ನು ಇಲ್ಲಿಗೇ ಬಿಡುವಂತಿಲ್ಲ. ಪಂಕ್ತಿಯೆಂದ ಮೇಲೆ ಪಂಕ್ತಿಭೇದದ ಚರಿತ್ರೆಯೂ ಕನ್ನಡದ ಓದುಗರ ನೆನಪಿಗೆ ಬರುತ್ತದೆ, ಬರಬೇಕು. ಗಣಕದಲ್ಲೂ ಭೇದವಿದೆ, ಆದರೆ ಅದು ಘೋಷಿತವಾದದ್ದು, ಅಂಕಿಗಳಲ್ಲಿ ಬರೆದಿಟ್ಟದ್ದು. ಯುನಿಕ್ಸ್ ಕಾಲದಿಂದ ಬಂದ ‘ನೈಸ್’ ಎಂಬ ಅಂಕ ಪ್ರತಿ ಕೆಲಸಕ್ಕೂ ಇರುತ್ತದೆ. ಇದನ್ನು ‘ಸೌಜನ್ಯಾಂಕ’ ಎನ್ನಬಹುದು. ಇದು −20ರಿಂದ 19ರವರೆಗೆ ಹಬ್ಬಿದೆ. ಹೆಚ್ಚು ಸೌಜನ್ಯವುಳ್ಳ ಕೆಲಸ ಇತರರಿಗೆ ದಾರಿ ಬಿಡುತ್ತದೆ, ಎಂದರೆ ಅದಕ್ಕೆ ಕಡಿಮೆ ಪಾಲು ಸಿಗುತ್ತದೆ. ಸೊನ್ನೆಯ ಅಂಕಕ್ಕೆ 1024ರ ತೂಕ, ಒಂದಕ್ಕೆ 820, 19ಕ್ಕೆ ಕೇವಲ 15. ಹೀಗಾಗಿ ಸೊನ್ನೆ ಮತ್ತು ಒಂದರ ಅಂಕದ ಎರಡು ಕೆಲಸಗಳು ಸ್ಪರ್ಧಿಸಿದರೆ ಕಾಲ ಸುಮಾರು 55ಕ್ಕೆ 45ರಂತೆ ಹಂಚಿಹೋಗುತ್ತದೆ. ಸಾಮಾನ್ಯ ಬಳಕೆದಾರ ತನ್ನ ಕೆಲಸದ ಸೌಜನ್ಯವನ್ನು ಹೆಚ್ಚಿಸಿಕೊಳ್ಳಬಹುದು. ಸೊನ್ನೆಗಿಂತ ಕೆಳಗಿಳಿಸುವ ಅಧಿಕಾರ ಮಾತ್ರ ರೂಢಿಯಂತೆ ಯಂತ್ರದ ಒಡೆಯನದು. ‘ಪೂರ್ಣ ನ್ಯಾಯ’ವೆಂಬ ಹೆಸರಿನ ಒಳಗೇ ಇಂತಹ ಶ್ರೇಣಿಯೊಂದು ಇರುವುದನ್ನು ಮರೆಯಬಾರದು.

ಯಾರ ನಡುವಿನ ನ್ಯಾಯ?

ಇದಕ್ಕಿಂತ ಆಳವಾದ ತೊಡಕೊಂದಿತ್ತು. ವಿಭಾಗವೊಂದರ ಒಂದೇ ಗಣಕವನ್ನು ಇಬ್ಬರು ಸಂಶೋಧಕರು ಹಂಚಿಕೊಂಡಿದ್ದಾರೆಂದು ಇಟ್ಟುಕೊಳ್ಳೋಣ. ಒಬ್ಬರು ಪದಸೂಚಿ ತಯಾರಿಸುವ ಒಂದೇ ಕೆಲಸವನ್ನು ಓಡಿಸಿದ್ದಾರೆ. ಇನ್ನೊಬ್ಬರು ಅದನ್ನೇ ಒಂಬತ್ತು ತುಂಡು ಮಾಡಿ ಒಂಬತ್ತು ಕೆಲಸಗಳನ್ನು ಓಡಿಸಿದ್ದಾರೆ. ಕೆಲಸ ಕೆಲಸಗಳ ನಡುವೆ ಪೂರ್ಣ ನ್ಯಾಯ ದೊರೆತರೆ ಮೊದಲನೆಯವರಿಗೆ ಸಿಗುವುದು ಶೇ. 10, ಎರಡನೆಯವರಿಗೆ ಶೇ. 90. ನಿಯಮದಲ್ಲಿ ತಪ್ಪಿಲ್ಲ, ಫಲಿತಾಂಶ ಅನ್ಯಾಯ. ನ್ಯಾಯದ ಘಟಕ ಯಾವುದು, ಎಲೆಯೇ ಮನೆಯೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಒಂಬತ್ತು ಎಲೆ ಹಾಕಿಸಿಕೊಂಡ ಮನೆಗೆ ಒಂಬತ್ತು ಪಾಲೆಂದರೆ ಎಲೆ ಹೆಚ್ಚಿಸುವುದೇ ಜಾಣತನವಾಗುತ್ತದೆ.

ಈ ಪ್ರಶ್ನೆಗೆ ಲಿನಕ್ಸ್ ತಿರುಳಿನಲ್ಲಿ ಉತ್ತರ ಬರೆದವರು ಐಬಿಎಂ ಸಂಸ್ಥೆಯ ಬೆಂಗಳೂರಿನ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಶ್ರೀವತ್ಸ ವಡ್ಡಗಿರಿ. ಅವರ ಸಹೋದ್ಯೋಗಿ ಧವಲ್ ಗಿಯಾನಿ ಈ ಕೆಲಸದಲ್ಲಿ ಜೊತೆಗಿದ್ದರು. ಬಿಟಿಎಂ ಬಡಾವಣೆಗೂ ಜೆ.ಪಿ. ನಗರಕ್ಕೂ ನಡುವೆ ಹಾಯುವ ಬನ್ನೇರುಘಟ್ಟ ರಸ್ತೆಯಲ್ಲಿ ಆ ಸಂಸ್ಥೆಗೆ ದೀರ್ಘಕಾಲ ಕಚೇರಿಯಿತ್ತು. ದಕ್ಷಿಣ ಬೆಂಗಳೂರಿನ ಆ ರಸ್ತೆಯ ಹೆಸರು ಸಾಮಾನ್ಯವಾಗಿ ವಾಹನದಟ್ಟಣೆಯ ಸುದ್ದಿಯಲ್ಲಿ ಮಾತ್ರ ಬರುತ್ತದೆ. ಸರದಿಯ ನ್ಯಾಯಕ್ಕೂ ಅದಕ್ಕೂ ಸಂಬಂಧವಿರಬಹುದೆಂದು ಅಲ್ಲಿ ಸಿಕ್ಕಿಹಾಕಿಕೊಂಡವರಾರೂ ಊಹಿಸಲಾರರು.

ವಡ್ಡಗಿರಿ ಅವರ ಪರಿಹಾರದ ತಿರುಳು ಹೀಗಿದೆ: ನ್ಯಾಯವನ್ನು ಹಂತಹಂತವಾಗಿ ಸಲ್ಲಿಸಬೇಕು. ಕೆಲಸಗಳನ್ನು ಮೊದಲು ಗುಂಪುಗಳಾಗಿ ವಿಂಗಡಿಸಲಾಗುತ್ತದೆ. ಮೇಲಿನ ಹಂತದಲ್ಲಿ ಸ್ಪರ್ಧಿಸುವುದು ಗುಂಪುಗಳು. ಪ್ರತಿ ಗುಂಪಿಗೂ ತನ್ನದೇ ಉಂಡ ಕಾಲದ ಲೆಕ್ಕ, ತನ್ನದೇ ತೂಕ. ಕಡಿಮೆ ಉಂಡ ಗುಂಪನ್ನು ಆರಿಸಿಕೊಂಡ ಮೇಲೆ ಸರದಿಕಾರನು ಆ ಗುಂಪಿನ ಒಳಮರಕ್ಕೆ ಇಳಿದು, ಅಲ್ಲಿ ಕಡಿಮೆ ಉಂಡ ಕೆಲಸವನ್ನು ಹುಡುಕುತ್ತಾನೆ. ಗುಂಪಿನೊಳಗೆ ಇನ್ನೊಂದು ಗುಂಪು ಇದ್ದರೆ ಮತ್ತೆ ಇಳಿಯುತ್ತಾನೆ. ಸರದಿಕಾರನ ಕಣ್ಣಿಗೆ ಕೆಲಸವೂ ಗುಂಪೂ ಒಂದೇ ಬಗೆಯ ವಸ್ತುಗಳಾಗಿ ಕಾಣುವಂತೆ ಮಾಡಿದ್ದೇ ಈ ರಚನೆಯ ಹೆಚ್ಚುಗಾರಿಕೆ. ಒಂದೇ ನಿಯಮ ಎಲ್ಲ ಹಂತಗಳಲ್ಲೂ ಪುನರಾವರ್ತನೆಯಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಇಬ್ಬರು ಸಂಶೋಧಕರಿಗೂ ಈಗ ಶೇ. 50ರ ಪಾಲು, ಎರಡನೆಯವರ ಒಂಬತ್ತು ಕೆಲಸಗಳು ತಮ್ಮ ಅರ್ಧವನ್ನು ತಮ್ಮೊಳಗೇ ಹಂಚಿಕೊಳ್ಳಬೇಕು. 2008ರ ಜನವರಿಯ 2.6.24ನೇ ಆವೃತ್ತಿಯಲ್ಲಿ ಇದು ಸೇರಿತು.

ಹಲವು ಸಂಸ್ಕಾರಕಗಳಿರುವ ಯಂತ್ರದಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಒಂದು ಗುಂಪಿನ ಕೆಲಸಗಳು ನಾಲ್ಕು ಸಂಸ್ಕಾರಕಗಳ ಮೇಲೆ ಹರಡಿದ್ದರೆ ಗುಂಪಿನ ತೂಕವನ್ನೂ ನಾಲ್ಕು ಕಡೆಗೆ, ಅಲ್ಲಲ್ಲಿನ ಹೊರೆಗೆ ತಕ್ಕಂತೆ ಹಂಚಬೇಕು. ಕೆಲಸಗಳು ಸರಿದಾಡಿದಾಗಲೆಲ್ಲ ಮತ್ತೆ ಹಂಚಬೇಕು. ನ್ಯಾಯದ ಲೆಕ್ಕಕ್ಕೇ ಕಾಲ ವ್ಯಯವಾಗತೊಡಗಿತು. 2011ರ 2.6.38ನೇ ಆವೃತ್ತಿಯಲ್ಲಿ ಪೀಟರ್ ಜಿಲ್‌ಸ್ಟ್ರಾ, ಪಾಲ್ ಟರ್ನರ್ ಮೊದಲಾದವರು ಆ ಭಾಗವನ್ನು ಹೊಸದಾಗಿ ಬರೆದರು. ಗುಂಪಿಗೆ ಇಷ್ಟಕ್ಕಿಂತ ಹೆಚ್ಚು ಕೊಡಕೂಡದು ಎಂಬ ಮಿತಿಯೂ ಬೇಕಾಯಿತು. ನಿಗದಿತ ಅವಧಿಯೊಂದರಲ್ಲಿ, ರೂಢಿಯಂತೆ 100 ಮಿಲಿಸೆಕೆಂಡಿನಲ್ಲಿ, ಗುಂಪು ಇಷ್ಟು ಕಾಲ ಮಾತ್ರ ಓಡಬಹುದು; ಪಡಿ ಮುಗಿದರೆ ಮುಂದಿನ ಅವಧಿಯವರೆಗೆ ಕಾಯಬೇಕು. ಗೂಗಲ್‌ನ ಪಾಲ್ ಟರ್ನರ್, ನಿಖಿಲ್ ರಾವ್ ಅವರೊಡನೆ ಐಬಿಎಂ ಬೆಂಗಳೂರಿನ ಭರತ ಬಿ. ರಾವ್ ಇದನ್ನು ರೂಪಿಸಿದರು. 2012ರ ಜನವರಿಯ 3.2ನೇ ಆವೃತ್ತಿಯಲ್ಲಿ ಅದು ಬಂತು. ಇಂದು ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಒಂದೇ ಯಂತ್ರವನ್ನು ಹಲವು ಗಿರಾಕಿಗಳಿಗೆ ಹಂಚುವ ‘ಕಂಟೇನರ್’ ಪದ್ಧತಿ ನಿಂತಿರುವುದು ಇವೆರಡರ ಮೇಲೆ: ತೂಕದ ಪಾಲು, ಪಡಿಯ ಮಿತಿ.

ಕನ್ನಡದ ಸಂಶೋಧಕರಿಗೆ ಇಲ್ಲಿ ಇನ್ನೊಂದು ಕುತೂಹಲವಿದೆ. ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರನ ಹೆಸರು, ತಿಥಿ ಇರುವಂತೆ ಲಿನಕ್ಸಿನ ಕಡತಗಳ ಮೊದಲಲ್ಲಿ ಬರೆದವರ ಹೆಸರು, ವರ್ಷಗಳಿರುತ್ತವೆ. ಸರದಿಕಾರನ ಮುಖ್ಯ ಕಡತದ ತಲೆಯಲ್ಲಿ ಬಹುಕಾಲ ಒಂದು ಕಾಲಾನುಕ್ರಮದ ಪಟ್ಟಿಯಿತ್ತು. ಲೈನಸ್ ಟೋರ್ವಾಲ್ಡ್ಸ್ ಅವರಿಂದ ತೊಡಗಿ, 2002ರ ಜನವರಿ 4ರ ಮೊಲ್ನಾರ್, 2003ರ ಮತ್ತು 2007ರ ಕೊಲಿವಾಸ್ ಇವರನ್ನು ಹಾದು, 2007ರ ಜುಲೈ 1ರ ತಾರೀಖಿನಲ್ಲಿ ಗುಂಪುಸರದಿಗಾಗಿ ಶ್ರೀವತ್ಸ ವಡ್ಡಗಿರಿ ಅವರ ಹೆಸರು ಬರುತ್ತಿತ್ತು. ನಂತರದ ಪರಿಷ್ಕರಣೆಗಳಲ್ಲಿ ಆ ಪಟ್ಟಿಯನ್ನು ತೆಗೆದುಹಾಕಲಾಯಿತು. ಬದಲಾವಣೆಗಳ ಪೂರ್ಣ ಚರಿತ್ರೆ ‘ಗಿಟ್’ ಎಂಬ ದಾಖಲೆವ್ಯವಸ್ಥೆಯಲ್ಲಿರುವಾಗ ಕಡತದಲ್ಲೇಕೆ ಎಂಬುದು ಇದಕ್ಕೆ ಒದಗುವ ಸಮರ್ಥನೆ. ಅದು ಅರ್ಧ ಸತ್ಯ. ಮುಖ್ಯ ತಿರುಳಿನ ಗಿಟ್ ದಾಖಲೆ ಶುರುವಾಗುವುದು 2005ರ ಏಪ್ರಿಲಿನಿಂದ. ಅದಕ್ಕೂ ಹಿಂದಿನ ಹೆಸರುಗಳಿಗೆ ಆ ಕಡತದೊಳಗೆ ಇದ್ದ ಗುರುತು ಆ ಪಟ್ಟಿಯೇ ಆಗಿತ್ತು. ಪಾಠಾಂತರಗಳ ಬೆಲೆ ಬಲ್ಲವರು ಇಂತಹ ಅಳಿಸುವಿಕೆಯನ್ನು ಹಗುರವಾಗಿ ಕಾಣಲಾರರು.

ಮಿಡಿತ ಮತ್ತು ವಿದ್ಯುತ್ತು

ಈಗ ಎರಡನೆಯ ಪ್ರಶ್ನೆ. ಸಂಸ್ಕಾರಕ ವ್ಯಯಿಸುವ ವಿದ್ಯುತ್ತು ಮಿಡಿತದ ವೇಗಕ್ಕೆ ನೇರ ಅನುಪಾತದಲ್ಲಿಯೂ, ಅದಕ್ಕೆ ಕೊಡುವ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಇರುತ್ತದೆ. ಮಿಡಿತವೊಂದನ್ನೇ ಅರ್ಧಕ್ಕಿಳಿಸಿದರೆ ಪ್ರತಿ ಕ್ಷಣದ ವ್ಯಯ ಅರ್ಧವಾಗುತ್ತದೆ. ಆದರೆ ಕೆಲಸ ಮುಗಿಯಲು ಎರಡರಷ್ಟು ಹೊತ್ತು ಬೇಕಾಗುವುದರಿಂದ ಒಟ್ಟು ವೆಚ್ಚ ಅಷ್ಟೇ ಉಳಿಯುತ್ತದೆ. ಲಾಭ ಇರುವುದು ವೋಲ್ಟೇಜಿನಲ್ಲಿ. ನಿಧಾನವಾಗಿ ಮಿಡಿಯುವ ಸಂಸ್ಕಾರಕಕ್ಕೆ ಕಡಿಮೆ ವೋಲ್ಟೇಜು ಸಾಕು. ಎರಡನ್ನೂ ಅರ್ಧಕ್ಕಿಳಿಸಲು ಸಾಧ್ಯವಾದರೆ ಕ್ಷಣದ ವ್ಯಯ ಎಂಟರಲ್ಲೊಂದು ಪಾಲಿಗೂ ಒಟ್ಟು ವೆಚ್ಚ ನಾಲ್ಕರಲ್ಲೊಂದು ಪಾಲಿಗೂ ಇಳಿಯುತ್ತದೆ. ವಾಸ್ತವದಲ್ಲಿ ವೋಲ್ಟೇಜು ಅಷ್ಟು ಇಳಿಯುವುದಿಲ್ಲ. ಸುಮ್ಮನೆ ಕುಳಿತಾಗಲೂ ಸೋರುವ ವಿದ್ಯುತ್ತೂ ಉಂಟು. ಆ ಕಾರಣಕ್ಕೆ ಕೆಲವು ಯಂತ್ರಗಳಲ್ಲಿ ಬೇಗ ಓಡಿ ಕೆಲಸ ಮುಗಿಸಿ ಗಾಢನಿದ್ರೆಗೆ ಹೋಗುವುದೇ ಮಿತವ್ಯಯದ ದಾರಿಯಾಗುತ್ತದೆ. ಕಲ್ಯಾಣಮಂಟಪದ ಅಡುಗೆಯವರಿಗೂ ಇದೇ ಲೆಕ್ಕ: ಸಣ್ಣ ಉರಿಯಲ್ಲಿ ಬೇಯಿಸುವುದೋ, ದೊಡ್ಡ ಉರಿಯಲ್ಲಿ ಬೇಯಿಸಿ ಒಲೆ ಆರಿಸುವುದೋ ಎಂಬುದು ಪಾತ್ರೆಯನ್ನೂ ಪದಾರ್ಥವನ್ನೂ ಅವಲಂಬಿಸಿದೆ.

ಬೆಂಗಳೂರಿಗೆ ಈ ಪ್ರಶ್ನೆ ಕೈಯಳತೆಗೆ ಬಂದದ್ದು ಸಿಂಪ್ಯೂಟರ್ ಮೂಲಕ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿ. ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮೊದಲಾದವರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಸೇರಿ ರೂಪಿಸಿದ ಈ ಅಗ್ಗದ ಕೈಗಣಕದ ಮಾದರಿ 2001ರಲ್ಲಿ ಪ್ರಕಟವಾಯಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಮೂಲಕ ಅದು ಮಾರುಕಟ್ಟೆಗೆ ಬಂತು. ಓದು ಬಾರದವರಿಗೂ ಬಳಕೆಯಾಗಲೆಂದು, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಬರಹವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶವನ್ನು ಅದಕ್ಕಾಗಿ ಬೆಳೆಸಲಾಯಿತು. ಲಿನಕ್ಸ್ ತಿರುಳಿನ ಆ ಯಂತ್ರದಲ್ಲಿದ್ದ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕದ ಗರಿಷ್ಠ ಮಿಡಿತ 206 ಮೆಗಾಹರ್ಟ್ಸ್. 3.6864 ಮೆಗಾಹರ್ಟ್ಸ್‌ನ ಸ್ಫಟಿಕವೊಂದರ ಕಂಪನವನ್ನು ಗುಣಿಸಿ ಅದನ್ನು ಪಡೆಯಲಾಗುತ್ತದೆ: 56ರಿಂದ ಗುಣಿಸಿದರೆ 206, 16ರಿಂದ ಗುಣಿಸಿದರೆ 59. ಈ ಜಾತಿಯ ಸಂಸ್ಕಾರಕಗಳ ಗುಣಕವನ್ನು ಓಡುತ್ತಿರುವಾಗಲೇ ಬದಲಾಯಿಸುವ ಏರ್ಪಾಟು ಲಿನಕ್ಸಿನಲ್ಲಿ ಬೇಗನೆ ಬಂತು. ಯಂತ್ರ ಸಣ್ಣದಾದಷ್ಟೂ, ಬ್ಯಾಟರಿ ಅಗ್ಗವಾದಷ್ಟೂ ಮಿಡಿತದ ಪ್ರಶ್ನೆ ತೀವ್ರವಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಮಿಡಿತವನ್ನು ಇಳಿಸಬಲ್ಲೆವು, ಸರಿ, ಯಾವಾಗ ಇಳಿಸಬೇಕು? ಇದನ್ನು ನಿರ್ಧರಿಸುವ ಭಾಗವನ್ನು ‘ಗವರ್ನರ್’ ಎನ್ನುತ್ತಾರೆ. ‘ನಿಯಾಮಕ’ ಎಂಬ ಪದ ಸಾಕು. ಇಂಟೆಲ್‌ನ ವೆಂಕಟೇಶ್ ಪಳ್ಳಿಪಾಡಿ ಬರೆದು 2004ರ 2.6.9ನೇ ಆವೃತ್ತಿಯಲ್ಲಿ ಸೇರಿದ ‘ಆನ್‌ಡಿಮ್ಯಾಂಡ್’ ನಿಯಾಮಕ ಬಹುಕಾಲ ಬಳಕೆಯಲ್ಲಿತ್ತು. ಅದು ಆಗಾಗ ಇಣುಕಿ, ಕಳೆದ ಅವಧಿಯಲ್ಲಿ ಸಂಸ್ಕಾರಕ ಎಷ್ಟು ಪಾಲು ಕಾಲ ದುಡಿಯಿತೆಂದು ಎಣಿಸಿ, ದುಡಿತ ಹೆಚ್ಚಿದ್ದರೆ ಗರಿಷ್ಠ ಮಿಡಿತಕ್ಕೆ ನೆಗೆಯುತ್ತಿತ್ತು, ಕಡಿಮೆಯಿದ್ದರೆ ಇಳಿಯುತ್ತಿತ್ತು. ಅದಕ್ಕೆ ಗೊತ್ತಿದ್ದುದು ಸಂಸ್ಕಾರಕದ ದಣಿವು ಮಾತ್ರ. ದುಡಿಸಿದ ಕೆಲಸ ಯಾವುದೆಂಬುದು ಗೊತ್ತಿರಲಿಲ್ಲ. ಭಾರದ ಕೆಲಸವೊಂದನ್ನು ಸರದಿಕಾರನು ಮೊದಲ ಸಂಸ್ಕಾರಕದಿಂದ ಎರಡನೆಯದಕ್ಕೆ ಸರಿಸಿದನೆನ್ನಿ. ಎರಡನೆಯದರ ಹಿಂದಿನ ಲೆಕ್ಕದಲ್ಲಿ ಅದು ಬಿಡುವಾಗಿತ್ತು, ಆದುದರಿಂದ ನಿಧಾನವಾಗಿ ಮಿಡಿಯುತ್ತಿತ್ತು. ಭಾರದ ಕೆಲಸ ಅಲ್ಲಿ ತೆವಳುತ್ತದೆ, ಖಾಲಿಯಾದ ಮೊದಲನೆಯದು ಸ್ವಲ್ಪ ಹೊತ್ತು ವೃಥಾ ವೇಗದಲ್ಲಿ ಮಿಡಿಯುತ್ತದೆ. ಬಡಿಸುವವನೂ ಒಲೆಯವನೂ ಮಾತಾಡಿಕೊಳ್ಳದ ಅಡುಗೆಮನೆಯ ಸ್ಥಿತಿ ಇದು.

ಇವರಿಬ್ಬರನ್ನೂ ಒಟ್ಟಿಗೆ ತರುವ ಪ್ರಯತ್ನಗಳಲ್ಲಿ ಒಂದು ಬೆಂಗಳೂರಿನಲ್ಲಿ ನಡೆಯಿತು. ಐಬಿಎಂ ಬೆಂಗಳೂರಿನ ವೈದ್ಯನಾಥನ್ ಶ್ರೀನಿವಾಸನ್, ಗೌತಮ್ ಶೆಣೈ, ಶ್ರೀವತ್ಸ ವಡ್ಡಗಿರಿ, ದೀಪಂಕರ್ ಶರ್ಮಾ ಇವರು ಪಳ್ಳಿಪಾಡಿ ಅವರೊಡಗೂಡಿ 2008ರ ಆಟವಾ ಲಿನಕ್ಸ್ ಸಮ್ಮೇಳನಕ್ಕೆ ಬರೆದ ಪ್ರಬಂಧದ ವಿಷಯ ಇದೇ. ಆಗ ಒಂದೇ ಚಿಪ್ಪಿನಲ್ಲಿ ಹಲವು ಸಂಸ್ಕಾರಕಗಳಿರುವ ಯಂತ್ರಗಳು ಸಾಮಾನ್ಯವಾಗುತ್ತಿದ್ದವು. ವಾಡಿಕೆಯ ಸರದಿಕಾರ ಕೆಲಸಗಳನ್ನು ಎಲ್ಲ ಕಡೆಗೂ ಹರಡುತ್ತಿದ್ದ. ಕೆಲಸ ಕಡಿಮೆಯಿದ್ದಾಗ ಹೀಗೆ ಹರಡಿದರೆ ಯಾವ ಚಿಪ್ಪಿಗೂ ಗಾಢನಿದ್ರೆ ಸಿಗುವುದಿಲ್ಲ. ಊಟಕ್ಕೆ ಬಂದವರು ಇಪ್ಪತ್ತೇ ಜನರಾದಾಗ ಎರಡು ಭೋಜನಶಾಲೆಗಳಲ್ಲಿ ಹತ್ತು ಹತ್ತು ಜನರನ್ನು ಕೂರಿಸುವ ಬದಲು ಒಂದರಲ್ಲೇ ಕೂರಿಸಿ ಇನ್ನೊಂದರ ದೀಪ ಆರಿಸುವುದು ಲೇಸಲ್ಲವೆ? ಇಂತಹ ಒಗ್ಗೂಡಿಸುವಿಕೆಗೆ 2006ರಲ್ಲಿಯೇ ಇಂಟೆಲ್‌ನ ಸುರೇಶ್ ಸಿದ್ಧ ಅವರಿಂದ ಒಂದು ಏರ್ಪಾಟು ಬಂದಿತ್ತು. ಶ್ರೀನಿವಾಸನ್ ಅದನ್ನು ವಿಸ್ತರಿಸಿ, ಬಳಕೆದಾರ ಆರಿಸಿಕೊಳ್ಳಬಹುದಾದ ಮೂರು ಮಟ್ಟಗಳನ್ನು ಕಲ್ಪಿಸಿದರು. 2009ರ 2.6.29ನೇ ಆವೃತ್ತಿಯಲ್ಲಿ ಅದು ಸೇರಿತು.

2012ರಲ್ಲಿ, 3.5ನೇ ಆವೃತ್ತಿಯ ವೇಳೆಗೆ, ಜಿಲ್‌ಸ್ಟ್ರಾ ಆ ಇಡೀ ಭಾಗವನ್ನು ಅಳಿಸಿಹಾಕಿದರು. ಸರದಿಕಾರನ ಉಳಿದ ಭಾಗಗಳು ಬದಲಾದಂತೆ ಅದು ಸರಿಯಾಗಿ ಕೆಲಸ ಮಾಡದೆ ಹಳಸಿತ್ತು, ಅದನ್ನು ದುರಸ್ತಿಯಲ್ಲಿಡುವವರಿರಲಿಲ್ಲ, ಬಳಕೆದಾರನಿಗೆ ಅರ್ಥವಾಗದ ಹಲವು ತಿರುಗುಗುಂಡಿಗಳಿದ್ದವು ಎಂಬುದು ಆಕ್ಷೇಪ. ಆಕ್ಷೇಪ ನ್ಯಾಯವಾದದ್ದೇ. ಆದರೂ ಪ್ರಶ್ನೆ ಸಾಯಲಿಲ್ಲ. ಬರೆದದ್ದು ಅಳಿಯಿತು, ಬರೆಯಲು ಪ್ರೇರಿಸಿದ ತೊಂದರೆ ಹಾಗೇ ಉಳಿಯಿತು.

ಅದು ಪರಿಹಾರವಾದದ್ದು ಬೇರೆ ದಾರಿಯಿಂದ. 2013ರ 3.8ನೇ ಆವೃತ್ತಿಯಲ್ಲಿ ಪಾಲ್ ಟರ್ನರ್ ಪ್ರತಿಯೊಂದು ಕೆಲಸದ ಹೊರೆಯನ್ನೂ ಬೇರೆಬೇರೆಯಾಗಿ ಅಳೆಯುವ ಕ್ರಮವನ್ನು ತಂದರು. ಕೆಲಸ ಓಡಿದ ಪ್ರತಿ ಮಿಲಿಸೆಕೆಂಡೂ ಲೆಕ್ಕಕ್ಕೆ ಸೇರುತ್ತದೆ; ಹಳೆಯದಾದಂತೆ ಅದರ ಬೆಲೆ ಕುಗ್ಗುತ್ತ, 32 ಮಿಲಿಸೆಕೆಂಡಿಗೆ ಅರ್ಧವಾಗುತ್ತದೆ. ಹೊರೆ ಕೆಲಸಕ್ಕೇ ಅಂಟಿಕೊಂಡಿರುವುದರಿಂದ ಕೆಲಸ ಇನ್ನೊಂದು ಸಂಸ್ಕಾರಕಕ್ಕೆ ಹೋದರೆ ಹೊರೆಯ ಲೆಕ್ಕವೂ ಜೊತೆಗೆ ಹೋಗುತ್ತದೆ. 2016ರ 4.7ನೇ ಆವೃತ್ತಿಯಲ್ಲಿ ರಾಫೇಲ್ ವೈಸೊಕಿ ಬರೆದ ‘ಷೆಡ್‌ಯೂಟಿಲ್’ ನಿಯಾಮಕ ಈ ಲೆಕ್ಕವನ್ನೇ ಸರದಿಕಾರನಿಂದ ನೇರವಾಗಿ ಕೇಳಿ ಪಡೆಯುತ್ತದೆ. ಗರಿಷ್ಠ ಮಿಡಿತವನ್ನು ಹೊರೆಯ ಪಾಲಿನಿಂದ ಗುಣಿಸಿ, ಮೇಲೆ ನಾಲ್ಕರಲ್ಲೊಂದು ಪಾಲು ಸೇರಿಸುವುದು ಅದರ ಸೂತ್ರ. 2000 ಮೆಗಾಹರ್ಟ್ಸ್‌ನ ಸಂಸ್ಕಾರಕದ ಮೇಲೆ ಶೇ. 40ರ ಹೊರೆಯಿದ್ದರೆ 800, ಅದರ ಮೇಲೆ ಕಾಲು ಪಾಲು ಸೇರಿ 1000 ಮೆಗಾಹರ್ಟ್ಸ್. ಬಡಿಸುವವನು ಎಷ್ಟು ಎಲೆಯೆಂದು ಕೂಗಿ ಹೇಳುತ್ತಾನೆ, ಒಲೆಯವನು ಅದಕ್ಕೆ ತಕ್ಕಂತೆ ಉರಿ ಹೊಂದಿಸುತ್ತಾನೆ. 2019ರ 5.0ನೇ ಆವೃತ್ತಿಯಲ್ಲಿ ಇನ್ನೊಂದು ಹೆಜ್ಜೆಯಾಗಿ, ದೊಡ್ಡ ಮತ್ತು ಸಣ್ಣ ಸಂಸ್ಕಾರಕಗಳು ಒಟ್ಟಿಗಿರುವ ಫೋನುಗಳಲ್ಲಿ ಯಾವ ಕೆಲಸವನ್ನು ಎಲ್ಲಿ ಇಟ್ಟರೆ ವಿದ್ಯುತ್ ವೆಚ್ಚ ಕಡಿಮೆಯೆಂದು ಮೊದಲೇ ಲೆಕ್ಕ ಹಾಕುವ ಸರದಿ ಬಂತು. 2008ರ ಪ್ರಬಂಧ ಕೇಳಿದ್ದ ಪ್ರಶ್ನೆಯ ಇನ್ನೊಂದು ರೂಪವೇ ಇದು.

ಕನ್ನಡದ ಓದುಗನ ಪಾಲು

ಇಷ್ಟೆಲ್ಲ ತಾಂತ್ರಿಕ ವಿವರಗಳಿಗೂ ಕನ್ನಡ ವಿಭಾಗಗಳಿಗೂ ಏನು ಸಂಬಂಧವೆಂಬ ಪ್ರಶ್ನೆ ಸಹಜ. ಇಂದು ಬಹುಪಾಲು ವಿದ್ಯಾರ್ಥಿಗಳು ಕನ್ನಡವನ್ನು ಓದುವುದು ಅಗ್ಗದ ಆಂಡ್ರಾಯ್ಡ್ ಫೋನುಗಳಲ್ಲಿ. ಅವುಗಳ ತಿರುಳು ಲಿನಕ್ಸೇ. ಕನ್ನಡ ಪುಟವೊಂದನ್ನು ತೆರೆಯ ಮೇಲೆ ಮೂಡಿಸುವಾಗ ಒತ್ತಕ್ಷರ, ಗುಣಿತಾಕ್ಷರಗಳನ್ನು ಕೂಡಿಸಿ ಜೋಡಿಸುವ ಲೆಕ್ಕಾಚಾರ ನಡೆಯಬೇಕು. ಅದು ಬೆರಳು ತಾಗಿದ ಕ್ಷಣ ಒಮ್ಮೆಲೆ ಬಂದು ಹೋಗುವ ಹೊರೆ. ತೆರೆ ಸೆಕೆಂಡಿಗೆ 60 ಸಲ ಬದಲಾಗಬೇಕಾದರೆ ಒಂದೊಂದು ಚೌಕಟ್ಟಿಗೆ ಸಿಗುವುದು 17 ಮಿಲಿಸೆಕೆಂಡಿಗೂ ಕಡಿಮೆ. ಮೇಲೆ ಹೇಳಿದ ಲೆಕ್ಕದ ಕ್ರಮದಲ್ಲಿ, ಬಿಡುವಾಗಿದ್ದ ಕೆಲಸವೊಂದು ಎಡೆಬಿಡದೆ ಓಡತೊಡಗಿದರೂ ಅದರ ಹೊರೆ ಅರ್ಧ ಮಟ್ಟ ಮುಟ್ಟಲು 32 ಮಿಲಿಸೆಕೆಂಡು, ಮುಕ್ಕಾಲು ಮಟ್ಟಕ್ಕೆ 64 ಬೇಕು. ಮಿಡಿತ ಏರುವಷ್ಟರಲ್ಲಿ ನಾಲ್ಕಾರು ಚೌಕಟ್ಟುಗಳು ತಪ್ಪಿಹೋಗಬಹುದು. ದುಬಾರಿ ಫೋನಿನಲ್ಲಿ ಕನಿಷ್ಠ ಮಿಡಿತವೇ ಸಾಕಷ್ಟಿರುವುದರಿಂದ ಇದು ತಿಳಿಯುವುದಿಲ್ಲ. ಅಗ್ಗದ ಫೋನಿನಲ್ಲಿ ಪುಟ ಮುಗ್ಗರಿಸುತ್ತದೆ. ಅಂಧ ವಿದ್ಯಾರ್ಥಿಗೆ ಪಠ್ಯವನ್ನು ಓದಿಹೇಳುವ ತಂತ್ರಾಂಶದಲ್ಲಾದರೆ ಮಾತು ತೊದಲುತ್ತದೆ, ಪದ ಮುರಿಯುತ್ತದೆ. ಕನ್ನಡ ತಂತ್ರಾಂಶ ನಿಧಾನವೆಂಬ ದೂರುಗಳಲ್ಲಿ ಕೆಲವು ಕನ್ನಡದ ಅಕ್ಷರರೂಪಕ್ಕಿಂತ ಹೆಚ್ಚಾಗಿ ಈ ತಡವಾದ ಏರಿಕೆಗೆ ಸಂಬಂಧಿಸಿದವು ಎಂದು ಭಾವಿಸಲು ಅವಕಾಶವಿದೆ.

ಇದಕ್ಕೆ ಮದ್ದುಗಳೂ ಬಂದಿವೆ. 2019ರ 5.3ನೇ ಆವೃತ್ತಿಯಿಂದ, ಒಂದು ಕೆಲಸ ಓಡುವಾಗ ಮಿಡಿತ ಇಷ್ಟಕ್ಕಿಂತ ಕೆಳಗಿಳಿಯಬಾರದೆಂದು ಮೊದಲೇ ಗೊತ್ತುಪಡಿಸಲು ಸಾಧ್ಯ. ಕ್ವಾಲ್‌ಕಾಮ್ ಸಂಸ್ಥೆ ತನ್ನ ಫೋನುಗಳಿಗಾಗಿ, ಹೊರೆಯನ್ನು ಬೇಗ ಗುರುತಿಸುವ ಬೇರೊಂದು ಲೆಕ್ಕದ ಕ್ರಮವನ್ನು ಬೆಳೆಸಿದೆ. ಆಂಡ್ರಾಯ್ಡ್ ಎಲ್ಲ ಕೆಲಸಗಳನ್ನೂ ಗುಂಪುಗಳಾಗಿ ಒಡೆಯುತ್ತದೆ: ತೆರೆಯ ಮೇಲೆ ಈಗ ಕಾಣುತ್ತಿರುವವು, ಹಿನ್ನೆಲೆಯವು, ಹೀಗೆ. ಮುಂದಿರುವ ಗುಂಪಿಗೆ ದೊಡ್ಡ ಸಂಸ್ಕಾರಕಗಳು, ಹೆಚ್ಚು ಪಾಲು. ಹಿಂದಿರುವುದಕ್ಕೆ ಸಣ್ಣವು, ಕಡಿಮೆ ಪಾಲು. ವಿದ್ಯಾರ್ಥಿ ನಿಘಂಟನ್ನು ತೆರೆದ ಕ್ಷಣ, ಹಿನ್ನೆಲೆಯಲ್ಲಿ ಜಾಹೀರಾತು ತರುತ್ತಿರುವ ಹತ್ತು ಕೆಲಸಗಳಿಗಿಂತ ಆ ನಿಘಂಟಿಗೆ ಮೊದಲ ಮಣೆ ಸಿಗುವುದು ಈ ಗುಂಪು ವ್ಯವಸ್ಥೆಯಿಂದ. ಆದರೆ ಯಾವುದು ಯಾವ ಗುಂಪಿಗೆ ಸೇರಬೇಕೆಂಬುದನ್ನು ತೀರ್ಮಾನಿಸುವವನು ಓದುಗನಲ್ಲ, ಫೋನು ತಯಾರಿಸಿದವನು. ಓದಿಹೇಳುವ ತಂತ್ರಾಂಶ ತೆರೆಯ ಮೇಲೆ ಕಾಣದೆಯೂ ಬಳಕೆದಾರನಿಗೆ ಎಲ್ಲಕ್ಕಿಂತ ಮುಖ್ಯವಾಗಿರುತ್ತದೆ. ಕಾಣುವುದೇ ಮುಖ್ಯವೆಂಬ ಎಣಿಕೆಯಲ್ಲಿ ಅದಕ್ಕೆ ಯಾವ ಸ್ಥಾನ ಎಂಬುದನ್ನು ಪ್ರತಿ ಯಂತ್ರದಲ್ಲೂ ಬೇರೆಯಾಗಿ ಪರೀಕ್ಷಿಸಬೇಕಾಗುತ್ತದೆ. ಕನ್ನಡ ತಂತ್ರಾಂಶಗಳ ಮೌಲ್ಯಮಾಪನ ಮಾಡುವವರು ಅಕ್ಷರಶುದ್ಧಿಯ ಜೊತೆಗೆ ಅಗ್ಗದ ಫೋನಿನಲ್ಲಿ ಧ್ವನಿಯ ಅಖಂಡತೆಯನ್ನೂ ಅಳೆಯುವುದು ಸೂಕ್ತ.

2008ರಿಂದ ಕೆಲವು ವರ್ಷ ಹೊಸೂರು ರಸ್ತೆಯ ನಿಮ್ಹಾನ್ಸ್ ಸಮಾವೇಶ ಕೇಂದ್ರದಲ್ಲಿ ಮುಕ್ತ ತಂತ್ರಾಂಶಿಗರ ವಾರ್ಷಿಕ ಸಮ್ಮೇಳನ ನಡೆಯುತ್ತಿತ್ತು. ಜಯನಗರದಿಂದ ಹತ್ತು ಹದಿನೈದು ನಿಮಿಷದ ದಾರಿ. ಕನ್ನಡ ವಿಭಾಗಗಳಿಗೂ ಅಂತಹ ಸಭೆಗಳಿಗೂ ನಂಟು ಬೆಳೆಯದೆ ಹೋದದ್ದು ಎರಡೂ ಕಡೆಯ ನಷ್ಟ. ಪದಗಳಿಗಾಗಿ ಪರದಾಡುವುದು ತಪ್ಪುತ್ತಿತ್ತು.

2023ರ 6.6ನೇ ಆವೃತ್ತಿಯಲ್ಲಿ ಸಿಎಫ್‌ಎಸ್‌ನ ಆಯ್ಕೆಯ ನಿಯಮವೂ ಬದಲಾಯಿತು. 1995ರಲ್ಲಿ ಪ್ರಕಟವಾದ ಸಿದ್ಧಾಂತವೊಂದನ್ನು ಆಧರಿಸಿ ಜಿಲ್‌ಸ್ಟ್ರಾ ತಂದ ಹೊಸ ನಿಯಮದಲ್ಲಿ, ಕಡಿಮೆ ಉಂಡವನು ಯಾರು ಎಂಬುದರ ಜೊತೆಗೆ ಯಾರ ಗಡುವು ಹತ್ತಿರವಿದೆ ಎಂಬುದನ್ನೂ ನೋಡಲಾಗುತ್ತದೆ. ಹೆಚ್ಚು ಪಾಲು ಬೇಡ, ಬೇಗ ಸಿಕ್ಕರೆ ಸಾಕು ಎನ್ನುವ ಕೆಲಸಗಳಿಗೆ ಇದರಿಂದ ಅನುಕೂಲ. ಗುಂಪುಗಳ ಹಂತಹಂತದ ರಚನೆ ಮಾತ್ರ ಹಾಗೇ ಇದೆ. ಆ ಕಡತದ ಹೆಸರು ಇಂದಿಗೂ ‘ಫೇರ್’. ಅದರ ತಲೆಬರಹದಲ್ಲಿ ಮೊಲ್ನಾರ್, ಗಾಲ್‌ಬ್ರೇತ್, ಅದಮುಷ್ಕೊ ಇವರ ಹೆಸರುಗಳ ಕೆಳಗೆ, ಗುಂಪುಸರದಿಯ ಕರ್ತೃವೆಂದು ಶ್ರೀವತ್ಸ ವಡ್ಡಗಿರಿ ಅವರ ಹೆಸರೂ 2007ರ ಇಸವಿಯೂ ಇವೆ.